ಹೆಂಚಿನ ಮಾಡಿಗೆ ಮರ ಆರಿಸುವಾಗ ಎಳೆ ನೋಡಿ, ಹೂವಲ್ಲ

ಸಾಮಿಲ್ಲಿನ ‘ಫಸ್ಟ್ ಕ್ವಾಲಿಟಿ’ ಬರೀ ಅಂದದ ಲೆಕ್ಕ. ಭಾರ ಹೊರುವ ಮರಕ್ಕೆ ಐಎಸ್ 883 (ಕಟ್ಟಡದ ಮರಕ್ಕಿರುವ ಭಾರತೀಯ ಮಾನಕ) ಹೇಳುವ ದರ್ಜೆಗಳೇ ಬೇರೆ: ಸೆಲೆಕ್ಟ್, ಗ್ರೇಡ್ 1, ಗ್ರೇಡ್ 2. ಗ್ರೇಡ್ 1ರ ಬಲ 1 ಎಂದಿಟ್ಟುಕೊಂಡರೆ ಸೆಲೆಕ್ಟ್‌ಗೆ 1.16, ಗ್ರೇಡ್ 2ಕ್ಕೆ 0.84. ಒಂದೇ ಮತ್ತಿ ದಿಮ್ಮಿಯಲ್ಲಿ ಮೂರೂ ದರ್ಜೆ ಸಿಗಬಹುದು; ಮರದ ಹೆಸರು ಕೇಳಿ ದುಡ್ಡು ಎಣಿಸಬೇಡಿ.

ಮೊದಲು ಕೆಲಸ ವಿಂಗಡಿಸಿ. ತೊಲೆಗೆ ಸೆಲೆಕ್ಟ್, ಪಕಾಸಿಗೆ (ಮಾಡಿನ ಇಳಿಜಾರಿನಲ್ಲಿ ಇಳಿಬರುವ ಮರ) ಗ್ರೇಡ್ 1, ಗಿಡ್ಡ ಆಸರೆ ತುಂಡುಗಳಿಗೆ ಗ್ರೇಡ್ 2. ಹೆಂಚು ಕೂರುವ ರೀಪು ಸಣ್ಣದೆಂದು ಅಗ್ಗದ್ದು ತರಲೇಬೇಡಿ. 2 ಇಂಚಿನ ರೀಪಿನಲ್ಲಿ 1 ಇಂಚಿನ ಗಂಟಿದ್ದರೆ ಅರ್ಧ ಮರ ಹೋದಂತೆಯೇ. ಹೆಂಚು ಹೊದಿಸುವವರ ಕಾಲಡಿ ಮುರಿಯುತ್ತದೆ.

ಗೆದ್ದಲು, ಕೊಳೆತ, ಕಾಂಡದ ನಟ್ಟನಡುವಿನ ಮೆದು ತಿರುಳು ಕಂಡ ತುಂಡುಗಳನ್ನು ಅಲ್ಲೇ ಬಿಡಿ.

ಇನ್ನು ಎಳೆಯ ಓರೆ, ಅಂದರೆ ಮರದ ನಾರು ತುಂಡಿನ ಉದ್ದಕ್ಕೆ ನೇರ ಹೋಗದೆ ಎಷ್ಟು ವಾಲಿದೆ ಎಂಬುದು. ಹೆಚ್ಚಿನವರು ತಪ್ಪುವುದು ಇಲ್ಲೇ. ಹಲಗೆಯ ಮೇಲೆ ಕಾಣುವ ಹೂವಿನಂಥ ಗೆರೆಗಳು ಬೆಳವಣಿಗೆಯ ಉಂಗುರಗಳು. ನಾರು ಅದೇ ದಿಕ್ಕಿಗೆ ಓಡಬೇಕೆಂದಿಲ್ಲ. ಒಣಗುವಾಗ ಮೂಡಿದ ಕೂದಲಿನಂಥ ಬಿರುಕು ನೋಡಿ, ಅದು ನಾರಿನ ಜಾಡು ಹಿಡಿದೇ ಹೋಗುತ್ತದೆ. ಬಿರುಕಿಲ್ಲದಿದ್ದರೆ ಉಜ್ಜುಳಿ ಹಾಕಿ ನುಣುಪು ಮಾಡಿದ ಜಾಗಕ್ಕೆ ಒಂದು ಹನಿ ಶಾಯಿ ಬಿಡಿ, ನಾರಿನುದ್ದಕ್ಕೆ ಹರಡುತ್ತದೆ. ಆ ಗೆರೆ 15 ಇಂಚು ಹೋಗುವಷ್ಟರಲ್ಲಿ ತುಂಡಿನ ಅಂಚಿನಿಂದ ಎಷ್ಟು ಸರಿದಿದೆ ಎಂದು ಅಳೆಯಿರಿ. 1 ಇಂಚು ಸರಿದರೆ ಗ್ರೇಡ್ 1ರ ಮಿತಿ ಮುಟ್ಟಿತು. ಸೆಲೆಕ್ಟ್‌ಗೆ 20ಕ್ಕೆ 1, ಗ್ರೇಡ್ 2ಕ್ಕೆ 12ಕ್ಕೆ 1. ಪಕ್ಕದ ಮುಖವನ್ನೂ ಅಳೆಯಿರಿ. ಎರಡರಲ್ಲೂ 20ಕ್ಕೆ 1 ಇದ್ದರೆ ನಿಜವಾದ ಓರೆ 14ಕ್ಕೆ 1ರಷ್ಟು. ಸೆಲೆಕ್ಟ್ ಎಂದುಕೊಂಡದ್ದು ಗ್ರೇಡ್ 2ಕ್ಕೆ ಇಳಿಯಿತು. ಓರೆ ನಾರಿನ ತೊಲೆ ಬಾಗಿದಾಗ ಅಡಿಯಿಂದ ಸೀಳು ಬಿಡುತ್ತದೆ, ಅದೂ ಮುನ್ಸೂಚನೆ ಕೊಡದೆ.

ಗಂಟು: 4 ಇಂಚಿನ ಮುಖದಲ್ಲಿ ಸೆಲೆಕ್ಟ್‌ಗೆ ಅರ್ಧ ಇಂಚು, ಗ್ರೇಡ್ 1ಕ್ಕೆ 1, ಗ್ರೇಡ್ 2ಕ್ಕೆ ಒಂದೂವರೆ. ಮಿತಿಯೊಳಗಿನ ಗಂಟೂ ತೊಲೆಯ ನಡುಭಾಗದ ಕೆಳ ಅಂಚಿಗೆ ಬರಬಾರದು. ಮಗುಚಿ ಮೇಲ್ಮುಖ ಮಾಡಿಸಿ. ಮರದಪುಡಿಗೆ ಗೋಂದು ಕಲಸಿ ಗಂಟು ಮುಚ್ಚಿ, ಮೇಲೆ ಕೆಮ್ಮಣ್ಣು ಬಣ್ಣ ಬಳಿದು ಮಾರುವುದುಂಟು. ಬಣ್ಣ ಬಳಿದ ತುಂಡು ಎಷ್ಟೇ ಅಗ್ಗವಾದರೂ ಬೇಡ.

ದೊಡ್ಡ ತುಂಡನ್ನು ಸೀಳಿಸಿದರೆ ಹಳೆಯ ದರ್ಜೆ ಉಳಿಯದು. 8 ಇಂಚಿನ ತೊಲೆಯಲ್ಲಿ ನಡೆದ 1 ಇಂಚಿನ ಗಂಟು ಅದರಿಂದ ತೆಗೆದ ರೀಪಿನಲ್ಲಿ ನಡೆಯುವುದಿಲ್ಲ. ಸೀಳಿಸಿದ ಪ್ರತಿ ತುಂಡನ್ನೂ ಲಾರಿಗೆ ಏರಿಸುವ ಮುಂಚೆ ಮತ್ತೆ ಅಳೆಯಿರಿ.