ಡೊಂಬಿವಲಿಯಲ್ಲೊಂದು ಪ್ರತಿ, ಪುಣೆಯಲ್ಲೊಂದು ಪ್ರತಿ

ಬ್ಯಾಕಪ್, ಅಂದರೆ ಕಡತಗಳ ಕಾಪು ಪ್ರತಿ, ಎಂದೊಡನೆ ಜನ ಕೇಳುವ ಮೊದಲ ಪ್ರಶ್ನೆ, ಯಾವ ಡಿಸ್ಕ್ ಕೊಳ್ಳಬೇಕು ಎಂಬುದು. ನಾನು ಇನ್ನೊಂದು ತುದಿಯಿಂದ ಹೊರಟೆ. ಮನೆಯ ಕಂಪ್ಯೂಟರು ನಾಳೆ ಏಳದೇ ಹೋದರೆ ಸಂಜೆಯೊಳಗೆ ನನಗೆ ಏನೇನು ಮರಳಿ ಬೇಕು? ಕಾಗದ ತೆಗೆದುಕೊಂಡು ಬರೆದೆ: ಹೌಸಿಂಗ್ ಸೊಸೈಟಿಯ ಲೆಕ್ಕ, ಕನ್ನಡ ಸಂಘದ ಸ್ಮರಣ ಸಂಚಿಕೆಗಳ ಪುಟಗಳು, ಊರಿನ ಜಮೀನಿನ ಪಹಣಿ ಮತ್ತು ಕ್ರಯಪತ್ರದ ಸ್ಕ್ಯಾನ್‌ಗಳು, ಮಕ್ಕಳ ಚಿತ್ರಗಳು, ತಂದೆ ಧ್ವನಿಮುದ್ರಿಸಿಕೊಂಡಿದ್ದ ತಾಳಮದ್ದಳೆಗಳು. ವಿಂಡೋಸ್, ತಂತ್ರಾಂಶಗಳು, ಸಿನಿಮಾಗಳು ಪಟ್ಟಿಗೆ ಬರಲಿಲ್ಲ. ಅವನ್ನು ಮತ್ತೆ ಇಳಿಸಿಕೊಳ್ಳಬಹುದು. ಉಳಿಸಲೇಬೇಕಾದದ್ದು ಇಡೀ ಡಿಸ್ಕಿನ ಕಾಲು ಭಾಗವೂ ಇಲ್ಲ ಎಂದು ಗೊತ್ತಾದ ಮೇಲೆ ಕೆಲಸದ ಭಾರ ಇಳಿಯಿತು.

ಆಮೇಲೆ ಅವು ಎಲ್ಲೆಲ್ಲಿ ಕುಳಿತಿವೆ ಎಂದು ಹುಡುಕಿದೆ. ಮುಂಬೈನ ಲ್ಯಾಮಿಂಗ್ಟನ್ ರಸ್ತೆಯಲ್ಲಿ ಬಿಡಿಭಾಗ ಕೊಂಡು ಜೋಡಿಸಿದ ಕಂಪ್ಯೂಟರುಗಳಲ್ಲಿ ಸಾಮಾನ್ಯವಾಗಿ ಸಿ ಮತ್ತು ಡಿ ಎಂಬ ಎರಡು ಡ್ರೈವ್‌ಗಳಿರುತ್ತವೆ. ಮನೆಮಂದಿ ಎಲ್ಲವನ್ನೂ ಡಿ ಡ್ರೈವಿಗೆ ತುಂಬುತ್ತಾರೆ. ವಿಂಡೋಸ್‌ನ ಫೈಲ್ ಹಿಸ್ಟರಿ ಎಂಬ ಬ್ಯಾಕಪ್ ಸೌಲಭ್ಯವಾದರೋ ಡೆಸ್ಕ್‌ಟಾಪ್, ಡಾಕ್ಯುಮೆಂಟ್ಸ್, ಪಿಕ್ಚರ್ಸ್ ಮುಂತಾದ ಕಡೆ ಮಾತ್ರ ತಾನಾಗಿ ಕಣ್ಣಿಡುತ್ತದೆ. ಡಿ ಡ್ರೈವಿನ ಫೋಲ್ಡರುಗಳನ್ನು ನಾವೇ ವಿಂಡೋಸಿನ ಲೈಬ್ರರಿ ಎಂಬ ಫೋಲ್ಡರ್ ಪಟ್ಟಿಗೆ ಸೇರಿಸಬೇಕು. ಟ್ಯಾಲಿಯಂಥ ಲೆಕ್ಕದ ತಂತ್ರಾಂಶವೂ ತನ್ನ ದತ್ತಾಂಶವನ್ನು ಡಾಕ್ಯುಮೆಂಟ್ಸ್‌ನಲ್ಲಿ ಇಡುವುದಿಲ್ಲ. ಅದರ ಜಾಗವನ್ನು ತಂತ್ರಾಂಶದೊಳಗೇ ನೋಡಿ ಗುರುತು ಹಾಕಿಕೊಂಡೆ.

ಛಾಯಾಗ್ರಾಹಕ ಪೀಟರ್ ಕ್ರೋಗ್ ಜನಪ್ರಿಯಗೊಳಿಸಿದ 3-2-1 ಎಂಬ ಸೂತ್ರವಿದೆ: ಮೂರು ಪ್ರತಿ, ಎರಡು ಬಗೆಯ ಸಂಗ್ರಹ ಮಾಧ್ಯಮ, ಒಂದು ಪ್ರತಿ ಮನೆಯಿಂದಾಚೆ. ಈ ಕೊನೆಯ ಅಂಕಿಯನ್ನು ಮುಂಬೈ ಭಾಗದವರು ಹಗುರವಾಗಿ ತೆಗೆದುಕೊಳ್ಳುವಂತಿಲ್ಲ. 2005ರ ಜುಲೈ 26ರಂದು ಸಾಂತಾಕ್ರೂಜ್‌ನಲ್ಲಿ ಒಂದೇ ದಿನ 944 ಮಿಲಿಮೀಟರ್ ಮಳೆ ಸುರಿಯಿತು. ಕಲ್ಯಾಣ, ಬದಲಾಪುರದ ಕಡೆಯೂ ಮನೆಗಳಿಗೆ ನೀರು ನುಗ್ಗಿತು. ಹಾಗಿರುವಾಗ ಒಂದು ಪ್ರತಿ ಡೊಂಬಿವಲಿಯಲ್ಲಿ, ಇನ್ನೊಂದು ಠಾಣೆಯ ನೆಂಟರ ಮನೆಯಲ್ಲಿ ಎಂದರೆ ಎರಡೂ ಒಂದೇ ಮಳೆಯಲ್ಲಿ ನೆನೆಯಬಹುದು. ನನ್ನ ಎರಡನೆಯ ಡಿಸ್ಕ್ ಘಟ್ಟದ ಆಚೆ, ಪುಣೆಯ ತಮ್ಮನ ಮನೆಯಲ್ಲಿದೆ. ಹಬ್ಬಕ್ಕೋ ಮದುವೆಗೋ ಹೇಗೂ ಹೋಗುತ್ತಿರುತ್ತೇವೆ. ಹೊಸ ಪ್ರತಿ ಇರುವ ಡಿಸ್ಕ್ ಕಲ್ಯಾಣದಲ್ಲಿ ರೈಲು ಹತ್ತುತ್ತದೆ, ಹಳೆಯದು ಮರಳಿ ಬರುತ್ತದೆ. ದಾರಿಯಲ್ಲಿ ಚೀಲ ಕಳೆದರೂ ಜಮೀನಿನ ಪತ್ರಗಳು ಇನ್ನೊಬ್ಬರ ಕಣ್ಣಿಗೆ ಬೀಳಬಾರದೆಂದು ವೆರಾಕ್ರಿಪ್ಟ್ ಎಂಬ ಉಚಿತ ತಂತ್ರಾಂಶದಿಂದ ಅದಕ್ಕೆ ಬೀಗ ಹಾಕಿದ್ದೇನೆ.

ಮನೆಯ ಡಿಸ್ಕಿಗೆ ಫೈಲ್ ಹಿಸ್ಟರಿ ಗಂಟೆಗೊಮ್ಮೆ ಬದಲಾದ ಕಡತಗಳನ್ನು ಬರೆಯುತ್ತದೆ, ಹಳೆಯ ರೂಪಗಳನ್ನೂ ಉಳಿಸುತ್ತದೆ. ಪುಣೆಗೆ ಹೋಗುವ ಡಿಸ್ಕಿಗೆ, ಎರಡು ಕಡೆಯ ಫೋಲ್ಡರುಗಳನ್ನು ಹೋಲಿಸಿ ಸರಿದೂಗಿಸುವ ತಂತ್ರಾಂಶವಾದ ಫ್ರೀಫೈಲ್‌ಸಿಂಕ್ ಬಳಸುತ್ತೇನೆ. ಅದರಲ್ಲಿ ಮಿರರ್ ಎಂಬ ಆಯ್ಕೆ ನೋಡಲು ಬಹಳ ಅಚ್ಚುಕಟ್ಟು, ಆದರೆ ಮೂಲದಲ್ಲಿ ಅಳಿಸಿದ್ದನ್ನು ಅದು ಪ್ರತಿಯಲ್ಲೂ ಅಳಿಸುತ್ತದೆ. ಅಳಿಸಿದವನ್ನು ಬೇರೆ ಫೋಲ್ಡರಿಗೆ ಸರಿಸಿಡುವ ವ್ಯವಸ್ಥೆ ಅದರಲ್ಲೇ ಇದೆ. ಅದನ್ನು ಹಾಕಿಕೊಳ್ಳದೆ ಮಿರರ್ ಮುಟ್ಟುವುದು ಬೇಡ. ಈ ಡಿಸ್ಕನ್ನು ಕೆಲಸ ಮುಗಿದ ತಕ್ಷಣ ಕಂಪ್ಯೂಟರಿನಿಂದ ಬಿಡಿಸುತ್ತೇನೆ. 2017ರ ಮೇ ತಿಂಗಳಲ್ಲಿ ಹಬ್ಬಿದ ವಾನಾಕ್ರೈನಂಥ, ಕಡತಗಳಿಗೆ ಬೀಗ ಜಡಿದು ಹಣ ಕೇಳುವ ಸುಲಿಗೆ ತಂತ್ರಾಂಶಗಳು ತಂತಿಗೆ ಸಿಕ್ಕಿಸಿಟ್ಟ ಡಿಸ್ಕನ್ನೂ ಬಿಡುವುದಿಲ್ಲ.

ಗೂಗಲ್ ಡ್ರೈವ್ ಸಾಲದೇ ಎಂದು ಕೇಳುವವರಿದ್ದಾರೆ. ಉಚಿತ ಜಾಗ 15 ಜಿಬಿ, ಅದರಲ್ಲಿ ಮಿಂಚಂಚೆಗೂ ಚಿತ್ರಗಳಿಗೂ ಪಾಲು. ಹಣ ಕೊಟ್ಟರೂ ಸೆಕೆಂಡಿಗೆ 20 ಮೆಗಾಬಿಟ್ ವೇಗದಲ್ಲಿ 100 ಜಿಬಿ ಮೇಲೇರಿಸಲು ಹನ್ನೊಂದು ಗಂಟೆ ಬೇಕು. ಅದನ್ನಾದರೂ ಸಹಿಸಬಹುದು, ತೊಡಕು ಇರುವುದು ಸಿಂಕ್ ಎಂಬ ವ್ಯವಸ್ಥೆಯಲ್ಲೇ. ಇಲ್ಲಿ ಅಳಿಸಿದರೆ ಅಲ್ಲೂ ಅಳಿಯುತ್ತದೆ, ಕಸದ ಬುಟ್ಟಿಯಲ್ಲಿ 30 ದಿನ ಇದ್ದು ಮಾಯವಾಗುತ್ತದೆ. ಸೊಸೈಟಿಯ ಲೆಕ್ಕದ ಕಡತ ಕಾಣೆಯಾದದ್ದು ಲೆಕ್ಕಪರಿಶೋಧಕರು ಬಂದಾಗಲೇ ಗೊತ್ತಾಗುವುದು. ಹಾಗಾಗಿ ಲೆಕ್ಕ ಮತ್ತು ದಾಖಲೆಪತ್ರಗಳನ್ನಷ್ಟೇ ಮೂರನೆಯ ಪ್ರತಿಯೆಂದು ಅಲ್ಲಿ ಇಟ್ಟಿದ್ದೇನೆ.

ಕನ್ನಡದಲ್ಲಿ ಕೆಲಸ ಮಾಡುವವರಿಗೆ ಇನ್ನೊಂದು ವಿಷಯವಿದೆ. ಸಂಘದ ಹಳೆಯ ಸಂಚಿಕೆಗಳು ನುಡಿ ಮತ್ತು ಬರಹ ಎಂಬ ಕನ್ನಡ ತಂತ್ರಾಂಶಗಳಲ್ಲಿ ಬೆರಳಚ್ಚಾದವು, ಎಲ್ಲ ಭಾಷೆಗಳಿಗೂ ಒಂದೇ ಆದ ಅಕ್ಷರ ಸಂಕೇತ ಪದ್ಧತಿ ಯೂನಿಕೋಡ್ ನಮ್ಮ ಕೈಗೆ ಬರುವ ಮುಂಚಿನವು. ಕಡತವನ್ನು ಎಷ್ಟೇ ಜೋಪಾನವಾಗಿ ನಕಲಿಸಿ, ಹೊಸ ಕಂಪ್ಯೂಟರಿನಲ್ಲಿ 'ನುಡಿ 01 ಇ' ಫಾಂಟ್ ಇಲ್ಲದಿದ್ದರೆ ತೆರೆದಾಗ ಕಾಣುವುದು ಅರ್ಥವಿಲ್ಲದ ರೋಮನ್ ಅಕ್ಷರಗಳ ರಾಶಿ. ಕಡತ ಕೆಟ್ಟಿರುವುದಿಲ್ಲ, ಆದರೂ ಓದುವಂತಿಲ್ಲ. ಆದ್ದರಿಂದ ಫಾಂಟುಗಳನ್ನೂ ತಂತ್ರಾಂಶದ ಅನುಸ್ಥಾಪಕವನ್ನೂ ಅದೇ ಫೋಲ್ಡರಿನಲ್ಲಿ ಇಟ್ಟಿದ್ದೇನೆ. ಜೊತೆಗೆ ಪ್ರತಿ ಸಂಚಿಕೆಯದೂ ಒಂದು ಪಿಡಿಎಫ್, ಒಂದು ಯೂನಿಕೋಡ್ ರೂಪ. ಪರಿವರ್ತಿಸಿದ ಮೇಲೆ ಅರ್ಕಾವತ್ತು ಸರಿಯಾದ ಅಕ್ಷರದ ಮೇಲೆಯೇ ಕುಳಿತಿದೆಯೇ ಎಂದು ಕಣ್ಣು ಹಾಯಿಸಬೇಕು. ಬೇಸರದ ಕೆಲಸ, ಆದರೆ ಇಡೀ ವ್ಯವಸ್ಥೆಯಲ್ಲಿ ನನಗೆ ಅತ್ಯಂತ ಸಾರ್ಥಕವೆನಿಸಿದ್ದು ಇದೇ.

ಬರೆದಿಟ್ಟ ಡಿವಿಡಿಗಳನ್ನು ನಾನು ಲೆಕ್ಕಕ್ಕೆ ಹಿಡಿಯುವುದಿಲ್ಲ. ಕರಾವಳಿಯ ತೇವದಲ್ಲಿ ಅವಕ್ಕೆ ಬೂಷ್ಟು ಹಿಡಿಯುತ್ತದೆ, ಬಣ್ಣದ ಪದರವೂ ಕಾಲಕ್ರಮೇಣ ಮಂಕಾಗುತ್ತದೆ. ಡಿಸ್ಕನ್ನು ಮಳೆಗಾಲದ ಹಪ್ಪಳದಂತೆ ಬಿಗಿ ಮುಚ್ಚಳದ ಸ್ಟೀಲ್ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣಗಳ ಜೊತೆ ಇಡುತ್ತೇನೆ.

ಮಾರ್ಚ್ 31 ವಿಶ್ವ ಬ್ಯಾಕಪ್ ದಿನ. ಅದು ಆರ್ಥಿಕ ವರ್ಷದ ಕೊನೆಯ ದಿನವೂ ಆದ್ದರಿಂದ ಸೊಸೈಟಿಯ ಖಜಾಂಚಿಗೆ ಬಿಡುವಿರುವುದಿಲ್ಲ. ನಾನು ಪರೀಕ್ಷೆ ಮಾಡುವುದು ಏಪ್ರಿಲ್‌ನಲ್ಲಿ: ಡಿಸ್ಕನ್ನು ಬೇರೊಂದು ಲ್ಯಾಪ್‌ಟಾಪಿಗೆ ಸಿಕ್ಕಿಸಿ, ಒಂದು ವರ್ಷದ ಲೆಕ್ಕ, ಒಂದು ಸಂಚಿಕೆ, ಒಂದು ತಾಳಮದ್ದಳೆಯನ್ನು ಅಲ್ಲಿಗೆ ಇಳಿಸಿ ತೆರೆಯುವುದು. ಕಡತದ ಹೆಸರು ಕಂಡರೆ ಸಾಲದು. ಲೆಕ್ಕದ ಶಿಲ್ಕು ಮುದ್ರಿತ ವರದಿಯೊಂದಿಗೆ ತಾಳೆಯಾಗಬೇಕು, ಧ್ವನಿ ಕೊನೆಯವರೆಗೂ ಓಡಬೇಕು.

ಈ ಸಲ ಆ ಕೆಲಸವನ್ನು ಹೆಂಡತಿಗೆ ಒಪ್ಪಿಸಿ ನಾನು ಪಕ್ಕದ ಕೋಣೆಯಲ್ಲಿ ಕುಳಿತೆ. ಕನ್ನಡದಲ್ಲಿ ಬರೆದ ಒಂದು ಹಾಳೆಯ ಸೂಚನೆಯಷ್ಟೇ ಅವಳ ಕೈಯಲ್ಲಿತ್ತು. ವೆರಾಕ್ರಿಪ್ಟ್ ಕೇಳಿದಾಗ ಯಾವ ಡ್ರೈವ್ ಅಕ್ಷರ ಆರಿಸಬೇಕು, ಡಿಸ್ಕನ್ನು ಫಾರ್ಮ್ಯಾಟ್ ಮಾಡಲೇ ಎಂದು ವಿಂಡೋಸ್ ಕೇಳಿದರೆ ಏನು ಹೇಳಬೇಕು ಎಂದು ಕೂಗಿ ಕೇಳಿದಳು. ಯಾವ ಅಕ್ಷರವಾದರೂ ಆದೀತು. ಫಾರ್ಮ್ಯಾಟ್ ಮಾತ್ರ ಬೇಡವೇ ಬೇಡ. ಎರಡೂ ಉತ್ತರಗಳನ್ನು ಕೆಂಪು ಶಾಯಿಯಲ್ಲಿ ಹಾಳೆಗೆ ಸೇರಿಸಿ, ಗುಪ್ತಪದದೊಂದಿಗೆ ಬ್ಯಾಂಕ್ ಲಾಕರಿನಲ್ಲಿ ಇಟ್ಟಿದ್ದೇವೆ.