ಎರೆಮಣ್ಣು ಮೆತ್ತಿದ ಟೈರು ತೊಳೆಯುವ ಬಗೆ

ದಾವಣಗೆರೆ ಸುತ್ತಿನ ಎರೆಭೂಮಿಯಲ್ಲಿ ಒಂದು ಹದಮಳೆ ಬಿದ್ದ ಮೇಲೆ ಹೊಲದ ದಾರಿಗೆ ಇಳಿದ ಗಾಡಿಗೆ ಮಣ್ಣು ರೊಟ್ಟಿ ತಟ್ಟಿದ ಹಾಗೆ ಮೆತ್ತುತ್ತದೆ. ಒಣಗಿತಲ್ಲ ಎಂದು ಬ್ರಷ್ ಹಿಡಿದು ಕೆರೆಯಲು ಕೂತರೆ ಅದರೊಳಗಿನ ಸಣ್ಣ ಕಲ್ಲುಗಳು ರಿಮ್ಮಿನ ಬಣ್ಣಕ್ಕೆ ಗೀರು ಎಳೆಯುತ್ತವೆ. ಹಳೆಯ ಗೋಣಿಚೀಲ ನೀರಲ್ಲಿ ಅದ್ದಿ ಟೈರಿಗೆ ಹೊದಿಸಿ, ಇಪ್ಪತ್ತು ನಿಮಿಷ ಬಿಡಿ. ಆಮೇಲೆ ಬೆರಳಲ್ಲಿ ಒತ್ತಿದರೆ ಸಾಕು, ಹೆಂಟೆ ಹೆಂಟೆಯಾಗಿ ಕಳಚುತ್ತದೆ. ರಿಮ್ಮಿನ ಒಳಮೈಗೂ ಕೈ ಹಾಕಿ ನೋಡಬೇಕು. ಅಲ್ಲಿ ಒಂದೇ ಕಡೆ ಮಣ್ಣು ಗಟ್ಟಿಯಾಗಿ ಕೂತರೆ ಗಾಲಿಯ ತೂಕ ಏರುಪೇರಾಗಿ, ಹೈವೇಯಲ್ಲಿ ವೇಗ ಹಿಡಿದಾಗ ಸ್ಟೇರಿಂಗ್ ನಡುಗುತ್ತದೆ. ವೀಲ್ ಬ್ಯಾಲೆನ್ಸಿಂಗ್‌ಗೆ ದುಡ್ಡು ಕೊಡುವ ಮುಂಚೆ ಇಷ್ಟು ನೋಡಿಕೊಳ್ಳಿ. ಚಿತ್ರದುರ್ಗದ ಕಡೆ ಕಥೆ ಬೇರೆ. ಭೀಮಸಮುದ್ರದ ದಾರಿಯ ಕಬ್ಬಿಣದ ಅದಿರಿನ ಧೂಳು ಕುಂಕುಮದಷ್ಟು ನುಣುಪು, ಬರೀ ನೀರಿಗೆ ಹೋಗುವುದಿಲ್ಲ, ಸೋಪೇ ಬೇಕು.

ತೊಳೆಯುವುದು ಬೆಳಗ್ಗೆ ಏಳರೊಳಗೆ, ಇಲ್ಲವೇ ಸಂಜೆ ನೆರಳು ಬಿದ್ದ ಮೇಲೆ. ಓಡಿಬಂದ ಗಾಡಿಯ ಟೈರು, ಬ್ರೇಕು ಎರಡೂ ಕಾದಿರುತ್ತವೆ. ಸೋಪಿನ ನೀರು ಅಲ್ಲೇ ಒಣಗಿ ಬಿಳಿ ಪಟ್ಟೆ ಕೂರುತ್ತದೆ, ಕಾದ ಡಿಸ್ಕಿಗೆ ತಣ್ಣೀರು ಬಿದ್ದರೆ ಅದು ಸೊಟ್ಟಗಾಗುವ ಭಯವೂ ಇದೆ. ಅಂಗೈ ಇಟ್ಟಾಗ ಬಿಸಿ ತಾಗಬಾರದು, ಅಷ್ಟೇ ಲೆಕ್ಕ. ಗಾಡಿಯ ಮೈಗಿಂತ ಮೊದಲು ಗಾಲಿ ತೊಳೆಯಿರಿ, ಒಂದೊಂದಾಗಿ. ಗಾಲಿಗೆ ಬಳಸಿದ ಬ್ರಷ್ಷು, ಬಟ್ಟೆ, ಬಕೆಟ್ಟು ಗಾಡಿಯ ಮೈಗೆ ತಾಗಿಸಬೇಡಿ.

ಐದು ಲೀಟರ್ ನೀರಿಗೆ ಪಾತ್ರೆ ತೊಳೆಯುವ ಲಿಕ್ವಿಡ್ ಎರಡು ಟೀ ಚಮಚ ಸಾಕು. ಕಾರ್ ಶಾಂಪೂ ಇದ್ದರೆ ಇನ್ನೂ ಒಳ್ಳೆಯದು. ಬರೀ ಧೂಳಾದರೆ ಹತ್ತು ಹನ್ನೆರಡು ಅಂಟುವಾಳದ ಕಾಯಿ ಬೀಜ ತೆಗೆದು, ಒಂದು ಲೀಟರ್ ನೀರಲ್ಲಿ ರಾತ್ರಿ ನೆನೆಸಿ, ಬೆಳಗ್ಗೆ ಹತ್ತು ನಿಮಿಷ ಕುದಿಸಿ ಹಿಂಡಿದ ನೀರೂ ನಡೆಯುತ್ತದೆ. ಜಿಡ್ಡಿಗೆ ಮಾತ್ರ ಅದರ ಕೈಲಿ ಆಗುವುದಿಲ್ಲ. ಬಟ್ಟೆ ಸೋಪಿನ ಪುಡಿ ಬೇಡ. ನಮ್ಮ ಗಡಸು ಬೋರ್ ನೀರಿಗೆ ಅದು ಸರಿಯಾಗಿ ಕರಗದೆ ಟೈರಿನ ಮೇಲಿನ ಅಕ್ಷರಗಳ ಸಂದಿಯಲ್ಲಿ ಬೆಳ್ಳಗೆ ಉಳಿಯುತ್ತದೆ. ಬಟ್ಟೆ ಉಜ್ಜುವ ಪ್ಲಾಸ್ಟಿಕ್ ಬ್ರಷ್‌ನಲ್ಲಿ ದುಂಡಗೆ ಉಜ್ಜಿ, ಅಕ್ಷರದ ಸಂದಿಗೆ ಹಳೆಯ ಹಲ್ಲುಜ್ಜುವ ಬ್ರಷ್ ಹಾಕಿ. ತಂತಿ ಬ್ರಷ್ ಮುಟ್ಟಲೇಬೇಡಿ.

ಮೊದಲ ಸಲ ಉಜ್ಜಿದಾಗ ನೊರೆ ಕಾಫಿ ಡಿಕಾಕ್ಷನ್ ಬಣ್ಣಕ್ಕೆ ಬರುತ್ತದೆ. ಇದನ್ನು ಕೊಳೆ ಎಂದೇ ಎಲ್ಲರೂ ತಿಳಿಯುವುದು, ಆದರೆ ಅರ್ಧ ಮಾತ್ರ ಕೊಳೆ. ರಬ್ಬರು ಬಿರುಕು ಬಿಡದಿರಲಿ ಎಂದು ಟೈರು ಮಾಡುವಾಗಲೇ ಬೆರೆಸಿದ ರಾಸಾಯನಿಕ ಮೆಲ್ಲಗೆ ಹೊರಮೈಗೆ ಬಂದು, ಗಾಳಿಯ ಓಝೋನ್‌ಗೆ ಸಿಕ್ಕಿ ಕಂದಾಗುತ್ತದೆ. ಅದು ಟೈರಿನ ರಕ್ಷಣೆಯೇ. ಹಾಗಾಗಿ ತಿಂಗಳಿಗೊಮ್ಮೆ ಎರಡು ಸಲ ಉಜ್ಜಿ, ನೊರೆ ಬೂದುಬಿಳಿ ಆದಾಗ ನಿಲ್ಲಿಸಿ. ದಿನಾ ತಿಕ್ಕಿ ಕಪ್ಪು ಮಾಡುತ್ತೇನೆಂದು ಹೊರಟರೆ ಕಾಪಾಡುವ ಪದರವನ್ನೇ ಕೈಯಾರೆ ತೆಗೆದಂತೆ. ಕೊನೆಯ ಒಂದು ಬಕೆಟ್ ಮಾತ್ರ ನಲ್ಲಿ ನೀರೋ ಹಿಡಿದಿಟ್ಟ ಮಳೆನೀರೋ ಇರಲಿ, ಕೂಡಲೇ ಒಣಬಟ್ಟೆಯಲ್ಲಿ ಒರೆಸಿ. ಬೋರ್ ನೀರನ್ನು ತಾನಾಗಿ ಆರಲು ಬಿಟ್ಟರೆ ಮಾಡಿದ ಕೆಲಸವೆಲ್ಲ ಬಿಳಿ ಚುಕ್ಕೆಯಾಗುತ್ತದೆ.

ಹೊಳಪಿಗೆ ಮೆಡಿಕಲ್ ಅಂಗಡಿಯ ಗ್ಲಿಸರಿನ್ ಸಾಕು. ಒಂದು ಭಾಗಕ್ಕೆ ಎರಡು ಭಾಗ ಕುಡಿಯುವ ನೀರು. ಕಾರಿನ ನಾಲ್ಕು ಟೈರಿಗೆ 30 ಮಿಲಿ ಗ್ಲಿಸರಿನ್, 60 ಮಿಲಿ ನೀರು. ಟೈರು ಪೂರ್ತಿ ಒಣಗಿರಬೇಕು, ಇಲ್ಲದಿದ್ದರೆ ತೇಪೆ ತೇಪೆಯಾಗಿ ಕಾಣುತ್ತದೆ. ಸ್ಪಂಜಿನಲ್ಲಿ ತೆಳ್ಳಗೆ ಸವರಿ, ಹತ್ತು ನಿಮಿಷ ಬಿಟ್ಟು, ಉಳಿದದ್ದನ್ನು ಬಟ್ಟೆಯಲ್ಲಿ ತೆಗೆಯಿರಿ. ಬೆರಳಾಡಿಸಿದರೆ ಅಂಟಬಾರದು. ನೀರು ಬೆರೆಸದೆ ಹಚ್ಚಿದರೆ ಅದು ಗಾಳಿಯ ತೇವ ಎಳೆದು ಜಿಗುಟಾಗುತ್ತದೆ, ಪಿ.ಬಿ. (ಪುಣೆ-ಬೆಂಗಳೂರು) ರೋಡಿನ ಒಂದು ಸುತ್ತಿಗೆ ಅಷ್ಟೂ ಧೂಳು ಮೆತ್ತಿಕೊಳ್ಳುತ್ತದೆ. ಮಳೆ ಬಂದರೆ ಈ ಹೊಳಪು ತೊಳೆದು ಹೋಗುತ್ತದೆ, ನಿಜ. ಹೋದರೆ ಹೋಗಲಿ, ರಬ್ಬರಿಗೆ ಕೇಡಿಲ್ಲ. ಅಂಗಡಿಯದ್ದೇ ಬೇಕೆಂದರೆ ನೀರು ಮೂಲದ ಪಾಲಿಶ್ ಕೇಳಿ ತನ್ನಿ.

ಸೀಮೆಎಣ್ಣೆ, ಡೀಸೆಲ್, ಸುಟ್ಟ ಇಂಜಿನ್ ಆಯಿಲ್ ಸವರುವ ಚಟ ಟ್ರ್ಯಾಕ್ಟರ್‌ನವರಲ್ಲಿ ಇನ್ನೂ ಇದೆ. ಎರಡು ದಿನ ಎಮ್ಮೆಯ ಮೈಯಂತೆ ಮಿರಮಿರ ಮಿಂಚುತ್ತದೆ, ಒಪ್ಪೋಣ. ಅಷ್ಟರಲ್ಲಿ ರಬ್ಬರು ಎಣ್ಣೆ ಕುಡಿದು ಉಬ್ಬಿ ಮೆತ್ತಗಾಗಿರುತ್ತದೆ. ಕೊಬ್ಬರಿ ಎಣ್ಣೆ ತಲೆಗೇ ಇರಲಿ. ಕಕ್ಕಸು ತೊಳೆಯುವ ಆಸಿಡ್ ಅಲಾಯ್ ರಿಮ್ಮನ್ನು ತಿಂದೇಬಿಡುತ್ತದೆ.

ಏನೇ ಹಚ್ಚಿದರೂ ಅದು ಟೈರಿನ ಪಕ್ಕದ ಗೋಡೆಗೆ (ಸೈಡ್‌ವಾಲ್) ಮಾತ್ರ. ನೆಲ ಮುಟ್ಟುವ ಹಲ್ಲುಗಳಿಗೆ ಒಂದು ಹನಿಯೂ ತಾಗಬಾರದು, ಬ್ರೇಕ್ ಹಿಡಿದಾಗ ಗಾಡಿ ಜಾರುತ್ತದೆ. ಬೈಕು, ಸ್ಕೂಟಿಗಂತೂ ಹೊಳಪು ಬೇಡವೇ ಬೇಡ. ತಿರುವಿನಲ್ಲಿ ವಾಲಿದಾಗ ಟೈರಿನ ಅಂಚೇ ನೆಲಕ್ಕೆ ಬರುವುದು. ತೊಳೆದು ಒರೆಸಿ, ಅಲ್ಲಿಗೆ ಬಿಡಿ.

ಸೋಪಿನ ನೀರು ಕೈಯಲ್ಲಿದ್ದಾಗಲೇ ವಾಲ್ವಿನ ಮುಚ್ಚಳ ಬಿಚ್ಚಿ ಬಾಯಿಗೆ ಎರಡು ಹನಿ ಬಿಡಿ. ಗುಳ್ಳೆ ಎದ್ದು ದೊಡ್ಡದಾಗುತ್ತಾ ಹೋದರೆ ವಾಲ್ವಿನೊಳಗಿನ ಪಿನ್ ಸೋರುತ್ತಿದೆ. ವಾರಕ್ಕೊಮ್ಮೆ ಗಾಳಿ ಕಡಿಮೆಯಾಗುವುದಕ್ಕೆ ಎಷ್ಟೋ ಸಲ ಕಾರಣ ಇದೇ. ಹಲ್ಲಿನ ಸಂದಿಯಲ್ಲಿ ಜಾಲಿಮುಳ್ಳು, ಮೊಳೆ ಕಂಡರೆ ಅಲ್ಲಿಗೂ ಅದೇ ಹನಿ. ಟ್ಯೂಬ್‌ಲೆಸ್ ಆಗಿ ಗುಳ್ಳೆ ಬಂದರೆ ಕೀಳದೆ ಹಾಗೇ ಪಂಚರ್ ಅಂಗಡಿಗೆ ಒಯ್ಯಿರಿ. ಟೈರಿನ ಗೋಡೆಯ ಮೇಲಿನ ನಾಲ್ಕಂಕಿಯನ್ನೂ ಓದಿಕೊಳ್ಳಿ: 2321 ಎಂದಿದ್ದರೆ ಆ ಟೈರು 2021ರ 23ನೇ ವಾರದ್ದು. ಕಾರಿನ ಹಲ್ಲು 1.6 ಮಿಲಿಮೀಟರಿಗೆ ಸವೆದಿದ್ದರೆ ಹೊಳಪು ಹಚ್ಚಿ ಫಲವಿಲ್ಲ, ಟೈರೇ ಬದಲಿಸಬೇಕು.

ಆಯುಧಪೂಜೆಯ ಮರುದಿನದ ಅರಿಶಿನಕ್ಕೆ ನೇರ ಸೋಪು ಹಾಕಬೇಡಿ, ಸೋಪು ತಾಗಿದ ಕೂಡಲೇ ಕೆಂಪಾಗಿ ಹರಡುತ್ತದೆ. ಬರೀ ನೀರಲ್ಲಿ ಒರೆಸಿ. ಉಳಿದ ಹಳದಿ ಬಿಸಿಲಿಗೆ ತಾನೇ ಮಾಸುತ್ತದೆ. ಗಾಲಿಯಡಿ ಒಡೆದ ನಿಂಬೆಹಣ್ಣಿನ ರಸ ರಿಮ್ಮಿಗೆ ಸಿಡಿದಿದ್ದರೆ ಅಂದೇ ತೊಳೆಯಿರಿ, ಒಣಗಿದರೆ ಕಲೆ ಕಟ್ಟುತ್ತದೆ.

ತೊಳೆದ ಗಾಡಿಯನ್ನು ಹ್ಯಾಂಡ್‌ಬ್ರೇಕ್ ಎಳೆದು ರಾತ್ರಿಯಿಡೀ ನಿಲ್ಲಿಸಬೇಡಿ, ಒದ್ದೆಗೆ ತುಕ್ಕು ಹಿಡಿದು ಬ್ರೇಕ್ ಶೂ ಡ್ರಮ್ಮಿಗೆ ಕಚ್ಚಿಕೊಳ್ಳುತ್ತದೆ. ಬೀದಿಯ ಕೊನೆಯವರೆಗೆ ನಿಧಾನವಾಗಿ ಓಡಿಸಿ, ನಾಲ್ಕೈದು ಸಲ ಬ್ರೇಕ್ ಒತ್ತಿ ಆರಿಸಿ, ಸಮನೆಲದಲ್ಲಿ ಗೇರ್ ಹಾಕಿ ಗಾಲಿಗೊಂದು ಕಲ್ಲು ಕೊಟ್ಟು ನಿಲ್ಲಿಸಿ.