ಗುಲ್ಮಾರ್ಗ್‌ನಲ್ಲಿ ನಿಲ್ಲೋದು ಕಲಿತೆ

2024ರ ಶಿವರಾತ್ರಿ ಶುಕ್ರವಾರ ಬಂದಿತ್ತು. ಮರುದಿನ ಎರಡನೇ ಶನಿವಾರ, ಆಮೇಲೆ ಭಾನುವಾರ. ಬ್ಯಾಂಕಿನಲ್ಲಿ ಕೆಲಸ ಮಾಡುವವಳಿಗೆ ಇಂಥ ಕ್ಯಾಲೆಂಡರ್ ಸಿಕ್ಕಿದರೆ ಕೈ ಸುಮ್ಮನಿರುತ್ತದಾ? ಹಿಂದೊಂದು ಮುಂದೊಂದು ರಜೆ ಹಾಕಿ ನಾವು ನಾಲ್ಕು ಜನ ಗೆಳತಿಯರು ಸ್ಕೀ, ಅಂದರೆ ಕಾಲಿಗೆ ಉದ್ದನೆಯ ಪಟ್ಟಿ ಸಿಕ್ಕಿಸಿಕೊಂಡು ಹಿಮದ ಮೇಲೆ ಜಾರೋದು, ಕಲಿಯೋಕೆ ಕಾಶ್ಮೀರದ ಗುಲ್ಮಾರ್ಗ್‌ಗೆ ಹೊರಟೆವು. ಮೂವರು ಮೈಸೂರಿನವರು, ಒಬ್ಬಳು ಮಂಡ್ಯದ ಹತ್ತಿರದ ಹಳ್ಳಿಯವಳು. ಫ್ರಿಜ್ಜಿನ ಮೇಲಿನ ಖಾನೆ ಬಿಟ್ಟರೆ ಬೇರೆಲ್ಲೂ ಹಿಮ ಮುಟ್ಟಿದವರಲ್ಲ ನಾವು.

"ತಣ್ಣಗಿರೋ ಜಾಗ ಬೇಕಂದ್ರೆ ಮಡಿಕೇರಿ ಇಲ್ವೇನಮ್ಮಾ?" ಅಂತ ನಮ್ಮತ್ತೆ ಕೇಳಿದರು. ನ್ಯಾಯವಾದ ಪ್ರಶ್ನೆಯೇ.

ತಯಾರಿಗೆ ಒಂದೂವರೆ ತಿಂಗಳು ಸಿಕ್ಕಿತು. ಭಾನುವಾರ ಬೆಳಿಗ್ಗೆ ಚಾಮುಂಡಿ ಬೆಟ್ಟದ ಮೆಟ್ಟಿಲು ಹತ್ತುವವರು ಮೈಸೂರಲ್ಲಿ ಬೇಕಾದಷ್ಟು ಜನ. ಹೆಚ್ಚಿನವರು ಮೇಲೆ ಹೋಗಿ, ದರ್ಶನ ಮಾಡಿ, ಬಸ್ಸಲ್ಲಿ ಇಳಿದು ಬರುತ್ತಾರೆ. ನಾನು ಉಲ್ಟಾ ಮಾಡಿದೆ. ಬಸ್ಸಲ್ಲಿ ಹತ್ತಿ, ಸಾವಿರಕ್ಕೂ ಜಾಸ್ತಿ ಇರುವ ಆ ಮೆಟ್ಟಿಲುಗಳನ್ನು ಇಳಿದೆ. ಹತ್ತೋದು ದಮ್ಮಿಗೆ, ಇಳಿಯೋದು ತೊಡೆಗೆ. ಸ್ಕೀಗೆ ಬೇಕಾದದ್ದು ತೊಡೆ. ಮೊದಲ ವಾರ ನಂದಿಯ ಹತ್ತಿರ ಬರುವಷ್ಟರಲ್ಲೇ ಕಾಲು ನಡುಗುತ್ತಿತ್ತು. ನಾಲ್ಕನೇ ವಾರ ಆ ನಡುಕ ನಿಂತಿತ್ತು. ಮನೆಯಲ್ಲಿ ಗೋಡೆಗೆ ಬೆನ್ನು ಕೊಟ್ಟು, ಕುರ್ಚಿ ಇಲ್ಲದೆ ಕುರ್ಚಿಯ ಮೇಲೆ ಕೂತ ಹಾಗೆ ಒಂದು ನಿಮಿಷ ಕೂರುತ್ತಿದ್ದೆ. ಕುಕ್ಕರ್ ಸೀಟಿ ಎಣಿಸೋಕೂ ಆಗುತ್ತಿತ್ತು.

ಹೊರಡುವ ಮುಂಚೆ ನೋಡಿಕೊಳ್ಳಬೇಕಾದ ಒಂದು ವಿಷಯವನ್ನು ನಾವು ನೋಡಿಕೊಳ್ಳಲಿಲ್ಲ. ಜಮ್ಮು ಕಾಶ್ಮೀರದಲ್ಲಿ ಬೇರೆ ರಾಜ್ಯದ ಪ್ರೀಪೇಯ್ಡ್ ಸಿಮ್ ಕೆಲಸ ಮಾಡಲ್ಲ, ಪೋಸ್ಟ್‌ಪೇಯ್ಡ್ ಮಾತ್ರ. ಇಬ್ಬರ ಫೋನು ಶ್ರೀನಗರದಲ್ಲಿ ಇಳಿಯುತ್ತಲೇ ಸತ್ತು ಹೋಯಿತು. "ಏನೇ ಆದರೂ ಗೊಂಡೊಲಾ, ಅಂದ್ರೆ ಕೇಬಲ್ ಕಾರಿನ, ಟಿಕೆಟ್ ಕಟ್ಟಡದ ಮುಂದೆ ಸೇರೋಣ" ಅಂತ ಅಲ್ಲೇ ಒಪ್ಪಂದ ಮಾಡಿಕೊಂಡೆವು. ಒಂದು ರೀತಿಯಲ್ಲಿ ಅದೇ ಒಳ್ಳೆಯದಾಯಿತು. ಫೋನ್ ಇದ್ದಿದ್ದರೆ ಒಬ್ಬೊಬ್ಬರು ಒಂದೊಂದು ಕಡೆ ಹೋಗಿರುತ್ತಿದ್ದೆವು.

ಮೈಸೂರಿಂದ ರಾತ್ರಿ ಫ್ಲೈಬಸ್‌ನಲ್ಲಿ ಬೆಂಗಳೂರು ವಿಮಾನ ನಿಲ್ದಾಣ, ಅಲ್ಲಿಂದ ದೆಹಲಿ, ಅಲ್ಲಿಂದ ಶ್ರೀನಗರ. ಅಲ್ಲಿಂದ ಗುಲ್ಮಾರ್ಗ್ ಸುಮಾರು 50 ಕಿಲೋಮೀಟರ್. ಕೊನೆಯ 13 ಕಿಲೋಮೀಟರ್, ಅಂದರೆ ತಂಗ್‌ಮಾರ್ಗ್‌ನಿಂದ ಮೇಲಕ್ಕೆ, ಹಿಮ ಇದ್ದಾಗ ಚಕ್ರಕ್ಕೆ ಸರಪಳಿ ಕಟ್ಟಿದ ಗಾಡಿಯೇ ಆಗಬೇಕು. ನಮ್ಮ ಡ್ರೈವರ್ ತಂಗ್‌ಮಾರ್ಗ್‌ನಲ್ಲಿ ಒಂದು ಅಂಗಡಿ ಮುಂದೆ ನಿಲ್ಲಿಸಿ "ಕೋಟು, ಬೂಟು ಇಲ್ಲೇ ತಗೋಬೇಕು, ಮೇಲೆ ಸಿಗಲ್ಲ" ಅಂದ. ನಂಬಿದೆವು. ಮೇಲೆ ಹೋಗಿ ನೋಡಿದರೆ ಅದೇ ಕೋಟು ಸಾಲು ಸಾಲಾಗಿ ನೇತಾಡುತ್ತಿತ್ತು, ಬಾಡಿಗೆಯೂ ಕಡಿಮೆ. ದೇವರಾಜ ಮಾರ್ಕೆಟ್ಟಿನಲ್ಲಿ ಕೊತ್ತಂಬರಿ ಕಟ್ಟಿಗೂ ಚೌಕಾಸಿ ಮಾಡುವ ನಾವು ಅಲ್ಲಿ ಬಾಯಿ ಮುಚ್ಚಿಕೊಂಡು ಕೊಟ್ಟೆವಲ್ಲ, ಆ ಉರಿ ಇನ್ನೂ ಇದೆ.

ಶಿವರಾತ್ರಿ ಬೆಳಿಗ್ಗೆ ಬಯಲಿನ ನಡುವೆ ದಿಬ್ಬದ ಮೇಲಿರುವ ಹಳೆಯ ಶಿವನ ಗುಡಿಗೆ ಹೋಗಿ ಕೈ ಮುಗಿದೆವು. ಕೆಂಪು ಚಾವಣಿ, ಸುತ್ತ ಬಿಳಿ. ಅದೇ ವರ್ಷ ಜೂನ್‌ನಲ್ಲಿ ಆ ಗುಡಿ ಬೆಂಕಿಗೆ ಸಿಕ್ಕಿತು ಅಂತ ಓದಿದಾಗ, ಮೂರು ತಿಂಗಳ ಹಿಂದೆ ನಿಂತಿದ್ದ ಮೆಟ್ಟಿಲು ಕಣ್ಣ ಮುಂದೆ ಬಂತು. ಹಿಂದಿನ ರಾತ್ರಿಯೇ ನಮ್ಮ ಜಾಗರಣೆ ಆಗಿತ್ತು, ಚಳಿಯ ದೆಸೆಯಿಂದ.

ಇನ್ನು ಬೂಟು. ಸ್ಕೀ ಬೂಟು ಅಂದರೆ ಗಟ್ಟಿ ಪ್ಲಾಸ್ಟಿಕ್ಕಿನ ಡಬ್ಬಿ. ನೆಟ್ಟಗೆ ನಿಂತರೆ ಬೆರಳ ತುದಿ ಮುಂದೆ ಸ್ವಲ್ಪ ತಾಗಬೇಕು, ಮೊಣಕಾಲು ಬಗ್ಗಿಸಿದರೆ ಹಿಂದೆ ಸರಿಯಬೇಕು. ನಾನು ಚಳಿ ಅಂತ ಎರಡು ಜೊತೆ ಕಾಲುಚೀಲ ಹಾಕಿದ್ದೆ. ಅದು ದೊಡ್ಡ ತಪ್ಪು. ಒಳಗೆ ಮಡಿಕೆ ಬಿದ್ದು ಅರ್ಧ ಗಂಟೆಯಲ್ಲಿ ಪಾದ ಮರಗಟ್ಟಿತು. ಒಂದೇ ಒಂದು ತೆಳು, ಉದ್ದನೆಯ ಉಣ್ಣೆ ಕಾಲುಚೀಲ ಸಾಕು. ಸ್ಕೀ ಹಾಕುವ ಮೊದಲು ಬೂಟಿನ ಅಡಿಗೆ ಅಂಟಿದ ಹಿಮವನ್ನು ಕೋಲಿನಿಂದ ತಟ್ಟಿ ತೆಗೆಯಬೇಕು, ಇಲ್ಲದಿದ್ದರೆ ಬೂಟನ್ನು ಸ್ಕೀಗೆ ಕಚ್ಚಿಸುವ ಹಿಡಿಕೆ ಕೂರಲ್ಲ. ಮೊದಲು ಬೆರಳ ಕಡೆ ಸಿಕ್ಕಿಸಿ, ಆಮೇಲೆ ಹಿಮ್ಮಡಿ ಒತ್ತಿದರೆ "ಟಕ್" ಅನ್ನುತ್ತದೆ. ಸ್ಕೀ ಯಾವಾಗಲೂ ಇಳಿಜಾರಿಗೆ ಅಡ್ಡವಾಗಿ ಇಟ್ಟುಕೊಂಡೇ ಹಾಕಬೇಕು. ನಮ್ಮಲ್ಲೊಬ್ಬಳು ನೇರ ಇಟ್ಟಳು, ಒಂದು ಸ್ಕೀ ಅವಳನ್ನು ಬಿಟ್ಟು ಒಂಟಿಯಾಗಿ ಇಳಿದು ಹೋಯಿತು. ಮೈಸೂರು ಸುಮಾರು 770 ಮೀಟರ್ ಎತ್ತರದಲ್ಲಿದ್ದರೆ ಗುಲ್ಮಾರ್ಗ್ 2,650 ಮೀಟರ್. ಆ ಸ್ಕೀ ಹಿಡಿಯೋಕೆ ನಾಲ್ಕು ಹೆಜ್ಜೆ ಓಡಿದ್ದಕ್ಕೇ ಏದುಸಿರು.

ಕಲಿಸುವವನನ್ನು ಆರಿಸುವಾಗ ಪ್ರವಾಸೋದ್ಯಮ ಇಲಾಖೆಯ ನೋಂದಣಿ ಕಾರ್ಡು ಕೇಳಿ ನೋಡಿದೆವು. ನಮಗೆ ಸಿಕ್ಕ ಹುಡುಗ ಮೊದಲ ಒಂದು ಗಂಟೆ ಜಾರಲು ಬಿಡಲೇ ಇಲ್ಲ. ಬೀಳೋದು ಕಲಿಸಿದ. ಪಕ್ಕಕ್ಕೆ, ಸೊಂಟದ ಮೇಲೆ ಬೀಳಬೇಕು. ಏಳುವಾಗ ಸ್ಕೀ ಎರಡೂ ಇಳಿಜಾರಿನ ಕೆಳಬದಿಗೆ, ಅಡ್ಡಕ್ಕೆ ಇರಬೇಕು. ಆಮೇಲೆ ನಿಲ್ಲೋದು. ಸ್ಕೀಗಳ ಮೂತಿ ಹತ್ತಿರ, ಬಾಲ ಅಗಲ, ಪಿಜ್ಜಾ ತುಂಡಿನ ಹಾಗೆ. "ಪಿಜ್ಜಾ, ಮೇಡಂ, ಪಿಜ್ಜಾ!" ಅಂತ ಅವನು ಕೂಗುತ್ತಾನೆ. ನಾನು ಪಿಜ್ಜಾ ಮಾಡುತ್ತೇನೆ, ಸ್ಕೀ ಮಾತ್ರ ನಿಲ್ಲುತ್ತಿಲ್ಲ.

ಮಧ್ಯಾಹ್ನದ ಹೊತ್ತಿಗೆ ಆಗಿದ್ದು ಇದು. ಭಯಕ್ಕೆ ನಾನು ಹಿಂದಕ್ಕೆ ವಾಲಿದೆ. ಹಿಂದಕ್ಕೆ ವಾಲಿದಷ್ಟೂ ಸ್ಕೀಯ ಮುಂಭಾಗ ಹಗುರಾಗಿ ಓಟ ಹೆಚ್ಚುತ್ತದೆ ಅಂತ ಆಗ ಗೊತ್ತಿರಲಿಲ್ಲ. ಎದುರಿಗೆ ಮ್ಯಾಗಿ ಮಾಡುವ ಅಂಗಡಿ. ಅದರ ಮುಂದೆ ಫೆರನ್ ಅನ್ನೋ ಉದ್ದ ನಿಲುವಂಗಿಯೊಳಗೆ ಕಾಂಗ್ಡಿಯ, ಅಂದರೆ ಬುಟ್ಟಿಯಲ್ಲಿಟ್ಟ ಮಣ್ಣಿನ ಅಗ್ಗಿಷ್ಟಿಕೆಯ, ಕೆಂಡ ಇಟ್ಟುಕೊಂಡು ಕೂತಿದ್ದ ಅಜ್ಜ. "ಅಣ್ಣಾ, ಸೈಡು! ಸೈಡು ಬನ್ನಿ!" ಅಂತ ಅಚ್ಚ ಕನ್ನಡದಲ್ಲಿ ಕಿರುಚಿದೆ. ಅಜ್ಜ ಅಲ್ಲಾಡಲಿಲ್ಲ. ಬೆಳಿಗ್ಗೆ ಕಲಿತ ಪಾಠ ನೆನಪಾಗಿ ಪಕ್ಕಕ್ಕೆ ದಬಕ್ಕನೆ ಬಿದ್ದೆ, ಅವರ ಬೆಂಚಿನಿಂದ ಎರಡು ಮಾರು ದೂರದಲ್ಲಿ. ಅಜ್ಜ ನಿಧಾನವಾಗಿ ಎದ್ದು ಬಂದು ನನ್ನ ಕನ್ನಡಕ ಎತ್ತಿಕೊಟ್ಟರು.

ಇದನ್ನೆಲ್ಲ ನೋಡುತ್ತಾ ನಿಂತಿದ್ದ ಮಂಡ್ಯದವಳು ನಕ್ಕು ಮುಗಿಸಿ ಹೇಳಿದಳು: "ಪಿಜ್ಜಾ ಬಿಡು ಕಣೇ. ಇದು ನೇಗಿಲು. ನೇಗಿಲನ್ನ ಎತ್ತಿ ಹಿಡಿದ್ರೆ ಉಳುಮೆ ಆಗುತ್ತಾ? ಒತ್ತು." ಅವಳಪ್ಪ ಈಗಲೂ ಗದ್ದೆ ಮಾಡುವವರು. ನಾನು ಬರೀ ಆಕಾರ ಮಾಡುತ್ತಿದ್ದೆ, ಭಾರ ಹಾಕುತ್ತಿರಲಿಲ್ಲ. ಮೊಣಕಾಲು ಬಗ್ಗಿಸಿ, ಬೂಟಿನ ಮುಂಭಾಗಕ್ಕೆ ಕಾಲು ಒರಗಿಸಿ, ಸ್ಕೀಗಳ ಒಳಅಂಚನ್ನು ಹಿಮಕ್ಕೆ ಒತ್ತಿದೆ. ಕೆರೆದ ಸದ್ದು ಬಂತು. ಓಟ ಇಳಿಯಿತು. ಸ್ನೋ ಪ್ಲೌ, ಅಂದರೆ ಹಿಮದ ನೇಗಿಲು, ಅನ್ನೋದೇ ಅದರ ನಿಜವಾದ ಹೆಸರಂತೆ, ಆ ಹುಡುಗ ಆಮೇಲೆ ಹೇಳಿದ. ಮೊದಲೇ ಹೇಳಿದ್ದರೆ ಅಜ್ಜನಿಗೆ ಆ ಗಾಬರಿ ತಪ್ಪುತ್ತಿತ್ತು.

ಶನಿವಾರ ನಮ್ಮೊಳಗೆ ಸಣ್ಣ ಜಗಳ. ಗೊಂಡೊಲಾದ ಎರಡೂ ಹಂತದ ಟಿಕೆಟ್ಟನ್ನು ಮೊದಲೇ ಆನ್‌ಲೈನ್‌ನಲ್ಲಿ ತೆಗೆದಿಟ್ಟಿದ್ದೆವು. ಮೊದಲ ಹಂತ ಕೊಂಗ್‌ಡೋರಿಗೆ, ಎರಡನೆಯದು ಅಫರ್ವತ್ ಬೆಟ್ಟಕ್ಕೆ, ಹತ್ತಿರ ಹತ್ತಿರ 4,000 ಮೀಟರ್. "ದುಡ್ಡು ಕೊಟ್ಟಾಗಿದೆ, ಸ್ಕೀ ತಗೊಂಡೇ ಹೋಗೋಣ" ಅಂತ ಇಬ್ಬರ ಹಟ. ಕಲಿಸುವ ಹುಡುಗ ತಲೆ ಅಲ್ಲಾಡಿಸಿದ. ಎರಡು ವಾರದ ಹಿಂದೆ, ಫೆಬ್ರವರಿ 22ರಂದು, ಗುಲ್ಮಾರ್ಗ್‌ನ ಮೇಲಿನ ಇಳಿಜಾರಿನಲ್ಲಿ ಹಿಮಕುಸಿತಕ್ಕೆ ಸಿಕ್ಕಿ ರಷ್ಯಾದ ಸ್ಕೀಯರ್ ಒಬ್ಬರು ಸತ್ತಿದ್ದರು. ಅವರು ಅನುಭವ ಇದ್ದವರು. ನಾವು ನಿನ್ನೆ ಮ್ಯಾಗಿ ಅಂಗಡಿಗೆ ನುಗ್ಗಲು ಹೊರಟಿದ್ದವರು. ನಾನು ಒಪ್ಪಲಿಲ್ಲ, ಸ್ವಲ್ಪ ಜೋರಾಗಿಯೇ ಮಾತಾಡಿದೆ. ಕೊನೆಗೆ ಆ ಇಬ್ಬರು ಸ್ಕೀ ಕೆಳಗೇ ಬಿಟ್ಟು, ಸುಮ್ನೆ ನೋಡಿಕೊಂಡು ಬರಲು ಹೋದರು. ನಾನೂ ಮಂಡ್ಯದವಳೂ ಮಕ್ಕಳು ಕಲಿಯುವ ದಿಬ್ಬದಲ್ಲೇ ಉಳಿದೆವು. ನನ್ನ ಟಿಕೆಟ್ ದುಡ್ಡು ಹೋಯಿತು, ಹೋಗಲಿ.

ಭಾನುವಾರ ಬೆಳಿಗ್ಗೆ ಹುಡುಗ ತನ್ನ ಕೋಲನ್ನು ದಿಬ್ಬದ ಅರ್ಧದಲ್ಲಿ ನೆಟ್ಟು, "ಇದನ್ನು ಮುಟ್ಟಬೇಕು, ಬೀಳಿಸಬಾರದು" ಅಂದ. ಮೊದಲ ಸಲ ದಾಟಿ ಹೋದೆ. ಎರಡನೇ ಸಲ ಬೀಳಿಸಿದೆ. ಬೂಟಿನೊಳಗೆ ಬೆವರು, ಹೊರಗೆ ಮೂಗು ಮರಗಟ್ಟಿತ್ತು. ಎಷ್ಟನೇ ಸಲವೋ ಲೆಕ್ಕ ತಪ್ಪಿತ್ತು, ಸ್ಕೀಗಳು ಕೆರೆಯುತ್ತಾ ಬಂದು, ನಿಧಾನವಾಗಿ, ಪೂರ್ತಿ ನಿಂತವು. ಕೈ ಚಾಚಿದರೆ ಕೋಲು ಸಿಕ್ಕಿತು. ತಿರುಗಿ ನೋಡಿದರೆ ದಿಬ್ಬದ ಮೇಲೆ ಮಂಡ್ಯದವಳು ಎರಡೂ ಕೈ ಎತ್ತಿ ಕುಣಿಯಲು ಹೋಗಿ ಬೀಳುತ್ತಿದ್ದಳು, ಪಕ್ಕಕ್ಕೆ, ಸೊಂಟದ ಮೇಲೆ.